ತಾರಿಹಾಳದ ಪಾರಿವಾಳ

೧೯೩೪ರಲ್ಲಿ ಹಳೇ ಹುಬ್ಬಳ್ಳಿಯ ಗಡಿಯಾರ ರಿಪೇರಿಯ ಅಹಮದಸಾಬರು ಮನೆಯಲ್ಲಿ ಪಾರಿವಾಳ ಸಾಕಿದ್ದರು. ಅವುಗಳಲ್ಲಿ ಒಂದು ಹೆಣ್ಣಿಗೆ ಜೋಡಿಯಾಗಿದ್ದ ಗಂಡು ಹಕ್ಕಿಯನ್ನು ಗಿಡುಗ ಒಯ್ದಿತು. ಅಂದಿನಿಂದ ಆ ಹೆಣ್ಣು ಹಾರುವುದನ್ನೇ ಬಿಟ್ಟು ಮೂಲೆ ಹಿಡಿಯಿತು. ಅದಕ್ಕೆ ಜೊತೆಯಾಗಲೆಂದು ಅಹಮದಸಾಬರು ಹತ್ತಿರದ ಹಳ್ಳಿ ತಾರಿಹಾಳದಿಂದ ಬೂದು ಬಣ್ಣದ ಗಂಡೊಂದನ್ನು ತಂದು ಗೂಡಿಗೆ ಬಿಟ್ಟರೆ, ಉಳಿದವೆಲ್ಲ ಸೇರಿ ಅದನ್ನು ಕುಕ್ಕಿದವು.

ಹೆಂಡತಿ ಗುಲ್ಜಾರಬಿ ಆ ಹೊಸ ಹಕ್ಕಿಯನ್ನು ಬೇರೆ ಪಂಜರಕ್ಕೆ ಹಾಕಿ ಗೂಡಿನ ಪಕ್ಕದಲ್ಲೇ ಇಟ್ಟಳು. "ದಿನಾ ಒಂದರ ಮಾರಿ ಒಂದು ನೋಡ್ಲಿ. ಗುರ್ತು ಆಗ್ತೈತಿ," ಎಂದಳು.

ಹದಿನೈದು ದಿನಕ್ಕೆ ಹೆಣ್ಣು ಪಂಜರದ ಹತ್ತಿರ ಬಂದು ಜೋಳ ತಿನ್ನತೊಡಗಿತು.

"ರೆಕ್ಕಿ ಕತ್ತರಿಸಿ ಬಿಡೋಣು. ಇಲ್ಲಂದ್ರ ತಾರಿಹಾಳಕ್ಕ ಹೊಳ್ಳಿ ಹೋಗ್ತೈತಿ," ಎಂದರು ಅಹಮದಸಾಬರು.

"ಬ್ಯಾಡ್ರಿ. ಇರೂದಾದ್ರ ಮನಸಿನಿಂದ ಇರ್ಲಿ," ಎಂದು ಗುಲ್ಜಾರಬಿ ಪಂಜರದ ಬಾಗಿಲು ತೆರೆದಳು.

ಗಂಡು ಮಾಳಿಗೆಯ ಮೇಲೆ ದೊಡ್ಡದೊಂದು ಸುತ್ತು ಹಾಕಿತು. ಅಹಮದಸಾಬರು ಕತ್ತೆತ್ತಿ ನೋಡುತ್ತ ನಿಂತರು. ಅಷ್ಟರಲ್ಲಿ ಹೆಣ್ಣೂ ರೆಕ್ಕೆ ಬಡಿದು ಮೇಲೇರಿತು. ಎರಡೂ ಕೂಡಿ ಹಾರಿ, ಒಟ್ಟಿಗೇ ಮಾಳಿಗೆಗೆ ಇಳಿದವು.