ಬಿಚ್ಚಿಟ್ಟ ಹೊಲಿಗೆ

ಹೊಸ ಶಿಕ್ಷಣ ನೀತಿ ಬಂದ ವರ್ಷ ಆ ಶಾಲೆಯಲ್ಲಿ ಹೊಲಿಗೆ ಪಾಠ ನಿಂತುಹೋಯಿತು. ನಿಂತದ್ದು ಪಾಠ ಮಾತ್ರ. ಹೊಲಿಗೆ ಕೋಣೆ ಇತ್ತು, ಅದರೊಳಗೆ ಕಾಲಲ್ಲಿ ತುಳಿಯುವ ಮಷಿನ್ನುಗಳು ಇದ್ದವು, ಹೊಲಿಗೆ ಟೀಚರೂ ಇದ್ದಳು. ಕೋಣೆಯನ್ನೂ ಮಷಿನ್ನುಗಳನ್ನೂ ಏನು ಮಾಡಬೇಕೆಂದು ಮೇಲಿನವರು ಯಾರೂ ಹೇಳಲಿಲ್ಲ. ಟೀಚರನ್ನು ಏನು ಮಾಡಬೇಕೆಂದು ಮಾತ್ರ ಹೇಳಿದ್ದರು: ಇನ್ನು ಮುಂದೆ ಅವಳು ಮಕ್ಕಳಿಗೆ ಉದ್ಯಮಶೀಲತೆ ಕಲಿಸಬೇಕು.

"ನನಗೇನ್ ಗೊತ್ತು ಸಾರ್ ಉದ್ಯಮ? ನಾನು ಕಾಜ ಹೊಲಿಯೋಳು," ಎಂದಳು ಹೊಲಿಗೆ ಟೀಚರ್.

"ನನಗೆ ಮಾತ್ರ ಗೊತ್ತಾ?" ಎಂದರು ಹೆಡ್‌ಮಾಸ್ಟರು. "ಮಕ್ಕಳು ಕೆಲಸ ಹುಡುಕೋರಾಗಬಾರದು, ನಾಲ್ಕು ಜನಕ್ಕೆ ಕೆಲಸ ಕೊಡೋರಾಗಬೇಕು. ಇಷ್ಟೇ ನೀತಿ. ವರ್ಷದ ಕೊನೆಗೆ ಇಲಾಖೆ ಸಾಹೇಬರು ನೋಡೋಕೆ ಬರ್ತಾರೆ. ಅಷ್ಟೊತ್ತಿಗೆ ಮಕ್ಕಳದೇ ಒಂದು ಉದ್ದಿಮೆ ನಡೀತಾ ಇರಬೇಕು. ಇಲ್ಲಾಂದ್ರೆ ನಿಮ್ಮ ಹುದ್ದೆ ಹೆಚ್ಚುವರಿ ಅಂತ ಎತ್ತಿಬಿಡ್ತಾರೆ. ಆಮೇಲೆ ನನ್ನ ಹತ್ರ ಬಂದು ಅಳಬೇಡಿ."

ಅಳುವ ಪೈಕಿಯವಳಲ್ಲ ಅವಳು. ತರಬೇತಿಗೆ ಹೋಗಿ ಬಂದಳು. ಅಲ್ಲಿ ಕೋಟು ಹಾಕಿಕೊಂಡ ಒಬ್ಬ ಹುಡುಗ, ಅವಳ ತಮ್ಮನ ವಯಸ್ಸಿನವನು, ಟೀಚರುಗಳನ್ನೆಲ್ಲ ಸುತ್ತ ನಿಲ್ಲಿಸಿ ಚೆಂಡು ಎಸೆದಾಡಿಸಿದ. ಮಕ್ಕಳ ಯಾವ ಆಲೋಚನೆಗೂ ಬೇಡ ಅನ್ನಬಾರದು, ಬರೀ ಪ್ರಶ್ನೆ ಕೇಳಬೇಕು, ದಾರಿ ಅವರೇ ಹುಡುಕಿಕೊಳ್ಳುತ್ತಾರೆ ಎಂದ. ಇದೊಳ್ಳೆ ಕಥೆಯಾಯ್ತಲ್ಲ, ಹಾಗಾದರೆ ನಾವು ಯಾಕೆ ಬೇಕು ಎಂದು ಅವಳ ಪಕ್ಕದಲ್ಲಿದ್ದ ಡ್ರಾಯಿಂಗ್ ಮಾಸ್ತರು ಗೊಣಗಿದರು. ಅವರ ಪಾಠವೂ ಆ ವರ್ಷವೇ ನಿಂತಿತ್ತು.

ಇತ್ತ ಅವಳ ಗಂಡನ ವಿಷಯ ಹೇಳಬೇಕು. ಅವನು ಟೈಲರ್. ಶಾಲೆಯ ಗೇಟಿಗೆ ಸರಿಯಾಗಿ ಎದುರಿಗೆ ಅವನ ಅಂಗಡಿ. ಅಂಗಡಿ ಎಂದರೆ ಒಂದು ಮಷಿನ್ನು, ಒಂದು ಕತ್ತರಿಸುವ ಮೇಜು, ಗಿರಾಕಿ ಕೂರಲು ಒಂದು ಸ್ಟೂಲು. ಗಿರಾಕಿ ದಪ್ಪಗಿದ್ದರೆ ಟೈಲರ್ ಎದ್ದು ಹೊರಗೆ ನಿಲ್ಲಬೇಕು. ಅವನ ಇಡೀ ವರ್ಷದ ಊಟ ನಡೆಯುವುದು ಶಾಲೆ ಶುರುವಾಗುವ ದಿನಗಳ ದುಡಿಮೆಯಲ್ಲಿ. ಸರ್ಕಾರ ಕೊಡುವ ಯೂನಿಫಾರಂ ಇದೆಯಲ್ಲ, ಅದನ್ನು ಯಾವ ಮಗುವಿನ ಅಳತೆ ನೋಡಿ ಹೊಲಿಯುತ್ತಾರೋ ದೇವರಿಗೇ ಗೊತ್ತು. ಒಂದು ಪ್ಯಾಂಟಿನಲ್ಲಿ ಅಣ್ಣ ತಮ್ಮ ಇಬ್ಬರೂ ಇಳಿಯಬಹುದು. ಹಾಗಾಗಿ ಊರಿನ ಅಮ್ಮಂದಿರೆಲ್ಲ ಬಟ್ಟೆ ಹಿಡಿದುಕೊಂಡು ಅವನ ಮುಂದೆ ನಿಲ್ಲುತ್ತಾರೆ.

ಟೈಲರಿಗೆ ಯಾರಿಗೂ ಆಗಲ್ಲ ಎಂದು ಹೇಳಿ ಗೊತ್ತಿಲ್ಲ. "ಕೊಡಿ ಅಕ್ಕ, ನಾಳೆ ಸಂಜೆ ಬನ್ನಿ" ಎನ್ನುತ್ತಾನೆ. ಹಾಗೆನ್ನುತ್ತಲೇ, ಅಕ್ಕ ಇನ್ನೂ ಮೆಟ್ಟಿಲು ಇಳಿದಿರುವುದಿಲ್ಲ, ಪ್ಯಾಂಟಿನ ಕಾಲಂಚನ್ನು ಸರಸರ ಬಿಚ್ಚಿಬಿಡುತ್ತಾನೆ. ಇದು ಅವನ ಅಪ್ಪನಿಂದ ಬಂದ ಪದ್ಧತಿ. "ಬಿಚ್ಚಿದ ಪ್ಯಾಂಟನ್ನ ಯಾರೂ ವಾಪಸ್ ಎತ್ಕೊಂಡ್ ಹೋಗಲ್ಲ ಕಣೇ," ಎಂದು ಹೆಂಡತಿಗೆ ಕಣ್ಣು ಮಿಟುಕಿಸುತ್ತಿದ್ದ. ಆಮೇಲೆ ಅಕ್ಕ ಎಷ್ಟು ಸಲ ಬಂದರೂ "ಗುಂಡಿ ಒಂದೇ ಬಾಕಿ" ಎಂದು ನಗುವುದು. ಅವನ ನಗು ಚೆನ್ನಾಗಿತ್ತು, ಅದಕ್ಕೆ ಜನ ಸಹಿಸಿಕೊಂಡಿದ್ದರು.

ಆದರೂ ಪ್ರತಿ ವರ್ಷ ಕೆಲಸ ಹೇಗೋ ಮುಗಿಯುತ್ತಿತ್ತು. ಹೇಗೆಂದರೆ, ಬಿಚ್ಚಿದ್ದರಲ್ಲಿ ಅರ್ಧ ಗಂಟು ಕಟ್ಟಿ ಸಂಜೆ ಮನೆಗೆ ಬರುತ್ತಿತ್ತು. ಒಲೆಯ ಮೇಲೆ ಅನ್ನ ಬೇಯುವಾಗ ಹೊಲಿಗೆ ಟೀಚರ್ ಕಾಲಂಚು ಮಡಿಸಿ ಕೈಹೊಲಿಗೆ ಹಾಕುತ್ತಿದ್ದಳು, ಗುಂಡಿ ಕೂರಿಸುತ್ತಿದ್ದಳು. ಇದು ಗಂಡ ಹೆಂಡತಿ ಇಬ್ಬರಿಗೆ ಬಿಟ್ಟು ಮೂರನೆಯವರಿಗೆ ಗೊತ್ತಿರಲಿಲ್ಲ. ಆ ವರ್ಷ ಅವಳಿಗೆ ಪುರುಸೊತ್ತೆಲ್ಲಿ? ಮೊದಲು ತರಬೇತಿ, ಆಮೇಲೆ ದಪ್ಪ ಕೈಪಿಡಿ, ಆಮೇಲೆ ಇಲಾಖೆಗೆ ದಿನಾ ಕಳಿಸಬೇಕಾದ ತರಗತಿಯ ಫೋಟೋ. ಟೈಲರ್ ಮಾತ್ರ ಎಂದಿನಂತೆ ಬಿಚ್ಚುತ್ತಲೇ ಇದ್ದ. ಗಂಟು ಬೆಳೆದು ಮಂಚದ ಕೆಳಗೆ ಹಿಡಿಸದೆ ಬಾಗಿಲ ಹಿಂದಕ್ಕೆ ಬಂತು.

"ಸ್ವಲ್ಪ ಕೈ ಹಾಕೇ," ಎಂದ ಒಂದು ಸಂಜೆ.

"ನನಗೇ ಉಸಿರಾಡೋಕೆ ಟೈಮಿಲ್ಲ ಕಣ್ರೀ. ಬಿಚ್ಚೋದನ್ನಾದ್ರೂ ನಿಲ್ಲಿಸಿ."

"ಬಿಚ್ಚದೆ ಇದ್ರೆ ಬೇರೆ ಕಡೆ ಹೋಗ್ಬಿಡ್ತಾರಲ್ಲೇ," ಎಂದ ಅವನು.

ಕೈಪಿಡಿಯ ಮೊದಲ ಪಾಠ, ಊರಿನ ಜನಕ್ಕೆ ಯಾವುದು ತಲೆನೋವು ಎಂದು ಕೇಳಿಕೊಂಡು ಬರುವುದು. ಮಕ್ಕಳು ಒಂದು ಭಾನುವಾರ ಮನೆಮನೆ ಸುತ್ತಿ ಬಂದರು. ಸೋಮವಾರ ತರಗತಿಯಲ್ಲಿ ಎದ್ದು ನಿಂತವಳು ಪಟಾಕಿ. ಹುಡುಗಿಯ ನಿಜವಾದ ಹೆಸರು ಹಾಜರಿ ಕರೆಯುವಾಗ ಮಾತ್ರ ಕೇಳಿಸುತ್ತಿತ್ತು. ಬಾಯಿ ಬಿಟ್ಟರೆ ಸಿಡಿಯುತ್ತಿದ್ದ ಕಾರಣ ಎಲ್ಲರಿಗೂ ಅವಳು ಪಟಾಕಿಯೇ. ಆ ದಿನ ಮಾತ್ರ ಅವಳೂ ಕಾಲಿನಿಂದ ನೆಲ ಕೆರೆಯುತ್ತಿದ್ದಳು.

"ಟೀಚರ್, ಬೇಜಾರ್ ಮಾಡ್ಕೋಬಾರ್ದು."

"ಯಾಕಮ್ಮ, ಹೇಳು."

"ಎಲ್ಲಾ ಅಮ್ಮಂದಿರೂ ಒಂದೇ ಹೇಳ್ತಾರೆ ಟೀಚರ್. ಟೈಲರ್ ಅಂಕಲ್ ಪ್ಯಾಂಟ್ ಬಿಚ್ಚಿಟ್ಕೊಂಡು ಕೊಡೋದೇ ಇಲ್ಲ ಅಂತೆ. ಈ ವರ್ಷ ಅಂತೂ ತೀರಾ ಅತಿಯಾಯ್ತಂತೆ. ನಮ್ಮ ತಮ್ಮ ಮನೆ ಚಡ್ಡೀಲೇ ಸ್ಕೂಲಿಗೆ ಬರ್ತಿದಾನೆ."

ಹಿಂದಿನ ಬೆಂಚಿನಲ್ಲಿ ಕಿಸಕ್ಕೆಂದರು. ಟೈಲರ್ ಅಂಕಲ್ ಯಾರ ಗಂಡ ಎಂಬುದು ಶಾಲೆಗೇ ಗೊತ್ತು. ಹೊಲಿಗೆ ಟೀಚರಿಗೆ ಮುಖ ಬಿಸಿಯಾಯಿತು. ಆದರೆ ಬೇಡ ಅನ್ನುವಂತಿಲ್ಲ, ಪ್ರಶ್ನೆ ಕೇಳಬೇಕು. ಕೇಳಿದಳು.

"ಅದಕ್ಕೆ ನೀವೇನ್ ಮಾಡ್ತೀರಿ?"

"ಹೊಲಿಗೆ ಕೋಣೆ ಖಾಲಿ ಬಿದ್ದಿದೆಯಲ್ಲ ಟೀಚರ್. ನೀವು ಹೋದ ವರ್ಷ ಕಾಲಂಚು, ಗುಂಡಿ ಎಲ್ಲಾ ಹೇಳಿಕೊಟ್ಟಿದ್ದೀರಿ. ಬೆಳಿಗ್ಗೆ ಕೊಟ್ರೆ ಸಂಜೆ ಬೆಲ್ ಹೊಡೆಯೋದ್ರೊಳಗೆ ವಾಪಸ್."

"ದುಡ್ಡೆಷ್ಟು ತಗೋತೀರಿ?"

"ಅಂಕಲ್ ತಗೊಳೋದ್ರಲ್ಲಿ ಅರ್ಧ. ನಮಗೆ ಬಾಡಿಗೆ ಇಲ್ಲ, ಮನೆ ನಡೆಸೋದೂ ಇಲ್ಲ."

ಈ ವರ್ಷ ಏಕೆ ಅತಿಯಾಯಿತು ಎಂಬುದನ್ನು ಆಗ ಅವಳು ಹೇಳಬಹುದಿತ್ತು. ಅರ್ಧ ಕೆಲಸ ಮಾಡುತ್ತಿದ್ದ ಕೈ ನನ್ನದು, ಆ ಕೈಯನ್ನು ನಿಮ್ಮ ಈ ಪಾಠವೇ ಕಟ್ಟಿಹಾಕಿದೆ ಎಂದರೆ ಮುಗಿಯುತ್ತಿತ್ತು. ಮಕ್ಕಳು ಬೇರೆ ಏನಾದರೂ ಹುಡುಕುತ್ತಿದ್ದರು. ಅವಳು ಹೇಳಲಿಲ್ಲ. ನಾಚಿಕೆ ಒಂದು, ಹುದ್ದೆಯ ಭಯ ಇನ್ನೊಂದು. ಜೊತೆಗೆ, ಸುಳ್ಳು ಯಾಕೆ, ಹುಡುಗಿ ಅಷ್ಟು ಚೆನ್ನಾಗಿ ಲೆಕ್ಕ ಹಾಕಿದ್ದನ್ನು ನೋಡಿ ಒಳಗೊಳಗೇ ಖುಷಿಯೂ ಆಗಿತ್ತು.

ಮಕ್ಕಳ ಅಂಗಡಿ ತೆರೆದ ದಿನ ನಡೆದದ್ದನ್ನು ಟೈಲರನ ಅಪ್ಪ ಕಂಡಿದ್ದರೆ ನಂಬುತ್ತಿರಲಿಲ್ಲ. ಅಮ್ಮಂದಿರು ಒಬ್ಬೊಬ್ಬರಾಗಿ ಟೈಲರ್ ಮುಂದೆ ಬಂದು, ಬಿಚ್ಚಿಟ್ಟ ಪ್ಯಾಂಟುಗಳನ್ನು ಬಿಚ್ಚಿದ ಹಾಗೆಯೇ ವಾಪಸ್ ಕೇಳಿ, ರಸ್ತೆ ದಾಟಿ ಗೇಟಿನೊಳಗೆ ಹೋದರು. ಟೈಲರ್ ನಗುತ್ತಲೇ ಹುಡುಕಿ ಹುಡುಕಿ ಕೊಟ್ಟ. ಬಾಗಿಲ ಹಿಂದಿನ ಗಂಟನ್ನೂ ಮನೆಯಿಂದ ಹೊತ್ತು ತಂದು ಕೊಟ್ಟ.

"ನನ್ನ ಹೊಟ್ಟೆ ಮೇಲೆ ಹೊಡೆಯೋಕೆ ಪಾಠ ಹೇಳಿಕೊಡ್ತಿದ್ದೀಯಾ?" ಎಂದು ಸಂಜೆ ಹೆಂಡತಿಯನ್ನು ಕೆಣಕಿದ. ಆಗ ಅದು ತಮಾಷೆಯೇ ಆಗಿತ್ತು.

ಹೊಸ ಬಟ್ಟೆ ಹೊಲಿಸುವವರು ಬರುತ್ತಾರಲ್ಲ ಎಂದು ಅವನ ಧೈರ್ಯ. ಈಗ ಬಟ್ಟೆ ಹೊಲಿಸುವವರು ಯಾರಿದ್ದಾರೆ? ಎಲ್ಲರೂ ರೆಡಿಮೇಡ್ ತಂದು ಉದ್ದ ಕಡಿಮೆ ಮಾಡಿಸುವವರೇ. ಅವರೂ ಗೇಟಿನೊಳಗೆ ಹೋಗತೊಡಗಿದರು. ಪಟಾಕಿ ಜಿಪ್ಪು ಹಾಕುವುದನ್ನೂ ಶುರು ಮಾಡಿದಳು. ಟೈಲರ್ ಬೆಳಿಗ್ಗೆ ಅಂಗಡಿ ಗುಡಿಸಿ, ಮಷಿನ್ನಿಗೆ ಎಣ್ಣೆ ಬಿಟ್ಟು, ಸ್ಟೂಲಿನ ಮೇಲೆ ತಾನೇ ಕೂತು ರಸ್ತೆ ನೋಡುತ್ತಿದ್ದ. ಹೊಲಿಗೆ ಕೋಣೆಯ ಕಿಟಕಿಯಿಂದ ಅವಳಿಗೆ ಅದು ಕಾಣುತ್ತಿತ್ತು. ಕೆಲವು ದಿನ ಆದಮೇಲೆ ಅವಳು ಕಿಟಕಿಗೆ ಬೆನ್ನು ಹಾಕಿ ಕೂರುವುದು ರೂಢಿ ಮಾಡಿಕೊಂಡಳು.

"ಮಕ್ಕಳಿಗೆ ಬೇರೆ ಏನಾದ್ರೂ ಹೇಳೇ," ಎಂದ ಅವನು ಒಂದು ದಿನ, ಊಟಕ್ಕೆ ಕೂತಾಗ. ಈ ಸಲ ನಗಲಿಲ್ಲ. "ಮೇಣದಬತ್ತಿ ಮಾಡ್ಲಿ, ಪೇಪರ್ ಚೀಲ ಮಾಡ್ಲಿ. ಅಂಗಡಿ ಬಾಡಿಗೆ ಮೈಮೇಲೆ ಬರ್ತಿದೆ."

"ಸಾಹೇಬರು ಬಂದು ಹೋಗ್ಲಿ ಕಣ್ರೀ. ನಡೀತಾ ಇರೋದನ್ನ ಈಗ ನಿಲ್ಲಿಸಿದ್ರೆ ನನ್ನ ಕೆಲಸಕ್ಕೇ ಕುತ್ತು. ಆಮೇಲೆ ಇಬ್ಬರೂ ಏನ್ ಮಾಡೋದು?"

ಅವನು ತಟ್ಟೆಯಲ್ಲಿದ್ದ ಅನ್ನ ಕಲಸಿದ. "ಅದೂ ಸರಿನೇ," ಎಂದ. ಅವನಿಗೆ ಯಾರಿಗೂ ಆಗಲ್ಲ ಎಂದು ಹೇಳಿ ಗೊತ್ತಿರಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು ಎಂದು ಅವಳಿಗೆ ಅನ್ನಿಸಿತು.

ಸಾಹೇಬರು ಬರುವುದು ಮುಂದಕ್ಕೆ ಹೋಯಿತು, ಮತ್ತೆ ಮುಂದಕ್ಕೆ ಹೋಯಿತು. ಅಷ್ಟರಲ್ಲಿ ಟೈಲರ್ ಊರಾಚೆಯ ಬಟ್ಟೆ ಕಾರ್ಖಾನೆ ಸೇರಿದ. ಮಷಿನ್ನು ಮಾರಿದ. ಅಂಗಡಿಗೆ ಫೋನ್ ರಿಪೇರಿಯವನು ಬಂದ. ಕಾರ್ಖಾನೆಯಲ್ಲಿ ಟೈಲರಿಗೆ ಸಿಕ್ಕ ಕೆಲಸ ಅಂಗಿಗೆ ಎಡಗಡೆಯ ಜೇಬು ಕೂರಿಸುವುದು. ದಿನವಿಡೀ ಜೇಬು, ಎಡಗಡೆಯದೇ. ಅಂಗಿ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಅವನಿಗೆ ಕಾಣಿಸುವುದಿಲ್ಲ. ಸಂಬಳ ಮಾತ್ರ ತಪ್ಪದೆ ಬರುತ್ತಿತ್ತು, ಅದನ್ನೂ ಹೇಳಬೇಕು.

ಕೊನೆಗೂ ಸಾಹೇಬರು ಬಂದರು. ಹೆಡ್‌ಮಾಸ್ಟರು ಹೊಸ ಟೈ ಕಟ್ಟಿಕೊಂಡು ಅವರ ಹಿಂದೆ ಮುಂದೆ ಓಡಾಡಿದರು. ಹೊಲಿಗೆ ಕೋಣೆ ತುಂಬ ಮಕ್ಕಳು, ಮಷಿನ್ನುಗಳ ಸದ್ದು, ಮೇಜಿನ ಮೇಲೆ ಇಸ್ತ್ರಿ ಮಾಡಿ ಜೋಡಿಸಿದ ಪ್ಯಾಂಟುಗಳು. ಸಾಹೇಬರು ಒಂದು ಕಾಲಂಚನ್ನು ತಿರುಗಿಸಿ ನೋಡಿ ತಲೆದೂಗಿದರು. ಪಟಾಕಿ ಎಲ್ಲ ವಿವರಿಸಿದಳು: ಜನರ ತೊಂದರೆ ಹೇಗೆ ಗೊತ್ತಾಯಿತು, ಕೆಲಸ ಹೇಗೆ ಹಂಚಿಕೊಂಡರು, ಬಂದ ಲಾಭದಲ್ಲಿ ದಾರ ಸೂಜಿ ಹೇಗೆ ಕೊಂಡರು.

"ನಿಮಗೆ ಪೈಪೋಟಿ ಯಾರಾದ್ರೂ ಇದ್ದಾರಾ ಪುಟ್ಟಿ?" ಎಂದು ಸಾಹೇಬರು ಕೇಳಿದರು.

ಪಟಾಕಿ ಟೀಚರ್ ಕಡೆ ನೋಡಿದಳು. ಅವಳ ದನಿ ಇಳಿಯಿತು.

"ಇದ್ರು ಸಾರ್. ಎದುರಿಗೆ ಒಂದು ಅಂಗಡಿ ಇತ್ತು. ಮುಚ್ಚಿಬಿಟ್ರು."

"ಭೇಷ್!" ಎಂದರು ಸಾಹೇಬರು. "ನೋಡಿದ್ರಾ ಹೆಡ್‌ಮಾಸ್ಟ್ರೇ? ಇದು ಉದ್ಯಮ ಅಂದ್ರೆ!" ಎಂದು ತಾವೇ ಚಪ್ಪಾಳೆ ಶುರು ಮಾಡಿದರು. ಕೋಣೆಯೆಲ್ಲ ಚಪ್ಪಾಳೆಯಾಯಿತು. ಪಟಾಕಿ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದಳು. ಸಾಹೇಬರು ಹೊಲಿಗೆ ಟೀಚರ್ ಕಡೆ ತಿರುಗಿ ಮೆಚ್ಚುಗೆಯಿಂದ ನಕ್ಕರು, ಅವಳೂ ಚಪ್ಪಾಳೆ ತಟ್ಟಿದಳು.

"ಮುಂದೇನು ಯೋಜನೆ?"

"ಪರೀಕ್ಷೆ ಬಂತಲ್ಲ ಸಾರ್, ಈ ಶನಿವಾರ ಮುಚ್ಚಿಬಿಡ್ತೀವಿ. ವರ್ಷದ ಕೊನೆಗೆ ಉದ್ದಿಮೆ ಮುಚ್ಚೋದೂ ಒಂದು ಪಾಠ ಅಂತ ಕೈಪಿಡೀಲಿದೆ. ಮುಂದಿನ ಕ್ಲಾಸಿನೋರು ಬೇರೆ ಏನಾದ್ರೂ ಮಾಡ್ತಾರೆ. ಅಣಬೆ ಬೆಳೀತಾರಂತೆ."

"ಒಳ್ಳೇದು, ಒಳ್ಳೇದು," ಎಂದು ಸಾಹೇಬರು ಗಡಿಯಾರ ನೋಡಿಕೊಂಡರು.

ಶನಿವಾರ ಮಕ್ಕಳು ಕೋಣೆ ಗುಡಿಸಿ ಬೀಗ ಹಾಕಿದರು. ಹೊಲಿಗೆ ಟೀಚರ್ ಗೇಟು ದಾಟುವಾಗ ಒಬ್ಬ ತಾಯಿ ಮಗನ ಪ್ಯಾಂಟು ಹಿಡಿದುಕೊಂಡು, ಫೋನ್ ರಿಪೇರಿ ಅಂಗಡಿಯನ್ನೊಮ್ಮೆ, ಶಾಲೆಯ ಗೇಟನ್ನೊಮ್ಮೆ ನೋಡುತ್ತ ನಿಂತಿದ್ದಳು. "ಇನ್ಮೇಲೆ ಎಲ್ಲಿ ಕೊಡೋದು ಟೀಚರ್?" ಎಂದು ಕೇಳಿದಳು. ಪೇಟೆಯಲ್ಲಿ ಯಾರಾದರೂ ಇರಬಹುದು ಎಂದಷ್ಟೇ ಹೇಳಿ ಟೀಚರ್ ಬೇಗ ಬೇಗ ನಡೆದಳು.

ಟೈಲರ್ ಕಾರ್ಖಾನೆಯ ಬಸ್ಸಿಳಿದು ಮನೆಗೆ ಬಂದಾಗ ಅವಳು ಅಡುಗೆಮನೆಯಲ್ಲಿ ಸುಮ್ಮನೆ ನಿಂತಿದ್ದಳು. ಒಲೆ ಹಚ್ಚಿರಲಿಲ್ಲ. ಸಾಹೇಬರು ಬಂದ ದಿನದಿಂದ ಅವಳು ಆ ಸುದ್ದಿ ಎತ್ತಿರಲಿಲ್ಲ, ಅವನೂ ಕೇಳಿರಲಿಲ್ಲ.

"ಏನಂತೆ? ಕೆಲಸ ಉಳೀತಾ?" ಎಂದು ಈಗ ಕೇಳಿದ, ಅಂಗಿಯ ಮೇಲಿನ ನೂಲಿನ ಚೂರು ತೆಗೆಯುತ್ತಾ.

"ಉಳೀತು. ತಾಲ್ಲೂಕಿನ ಶಾಲೆಗಳಲ್ಲಿ ನಮ್ಮದೇ ಫಸ್ಟಂತೆ."

"ಸದ್ಯ, ಅಷ್ಟಾಯ್ತಲ್ಲ."

"ಮಕ್ಕಳು ಇವತ್ತು ಅಂಗಡಿ ಮುಚ್ಚಿದ್ರು ಕಣ್ರೀ. ಮುಂದಿನ ವರ್ಷ ಇಲ್ಲ."

ಅವನ ಕೈ ನಿಂತಿತು. ಏನೋ ಲೆಕ್ಕ ಹಾಕಿದವನಂತೆ ಬಾಗಿಲ ಕಡೆ ನೋಡಿದ, ಮಷಿನ್ನು ಮಾರಿದ್ದು ನೆನಪಾಗಿ ಬಿಟ್ಟುಬಿಟ್ಟ.

"ನಿಮ್ಮ ಅಂಗಡಿ ಮುಚ್ಚಿತು ಅಂತ ಹೇಳಿದಾಗ ಅಲ್ಲಿ ಎಲ್ಲಾ ಚಪ್ಪಾಳೆ ತಟ್ಟಿದ್ರು," ಎಂದಳು ಅವಳು. "ನಾನೂ ತಟ್ಟಿದೆ ಕಣ್ರೀ."

ಟೈಲರ್ ಅವಳ ಪಕ್ಕಕ್ಕೆ ಬಂದು ಬೆಂಕಿಪೊಟ್ಟಣ ಎತ್ತಿಕೊಂಡು ಒಲೆ ಹಚ್ಚಿದ.

"ತಟ್ಟದೆ ಏನ್ ಮಾಡ್ತೀಯೇ," ಎಂದ. "ಟೀಚರಲ್ವಾ ನೀನು."