ನಾಲ್ಕು ಮೂಲೆಗೆ ನಾಲ್ಕು ಉಂಡೆ

ಯಾರ ಮನೆಗೆ ಹೋದರೂ ಮೇಸ್ತ್ರಿ ಮೊದಲು ಮುಖ ನೋಡುವವನಲ್ಲ, ನೆಲ ನೋಡುವವನು. ಇಪ್ಪತ್ತಾರು ವರ್ಷ ಕುಕ್ಕರಗಾಲಲ್ಲಿ ಕೂತು ಟೈಲ್ಸ್ ಹಾಕಿದವನ ಕಣ್ಣು ಇನ್ನೆಲ್ಲಿಗೆ ಹೋದೀತು ಹೇಳಿ. ನೆಂಟರೊಬ್ಬರು ತೀರಿಕೊಂಡ ಮನೆಯಲ್ಲೂ ಟೈಲ್ಸ್ ಸಂದಿಯ ಬಿಳಿ ಸಿಮೆಂಟ್ ಕಿತ್ತುಹೋಗಿದ್ದನ್ನು ಕಂಡು ಚಡಪಡಿಸಿ, ಹೆಂಡತಿಯ ಮೊಣಕೈಯಿಂದ ತಿವಿಸಿಕೊಂಡಿದ್ದ. ಬೆನ್ನುನೋವಿಗೆ ಒಳ್ಳೆಯದಂತೆ ಎಂದು ಅವಳು ಅವನನ್ನು ಯೋಗದ ಹಾಲ್‌ಗೆ ಎಳೆದುಕೊಂಡು ಹೋದ ದಿನವೂ ಹಾಗೇ ಆಯಿತು. ಯೋಗ ಕಲಿಸುವ ಮೇಡಂ ಮುಖ ನೋಡುವ ಮೊದಲೇ ಕೆಳಗೆ ನೋಡಿದ. ಮುಖ ಅರಳಿತು.

"ಇದು ನಾವೇ ಹಾಕಿದ ನೆಲ ಮೇಡಂ. ಹೋದ ವರ್ಷ."

"ಹಾಗಾದ್ರೆ ಅರ್ಧ ಪಾಠ ನಿಮಗೆ ಬಂದ ಹಾಗೇ," ಅಂದರು ಮೇಡಂ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತಿಯಾದ ಹೆಂಗಸು, ಮಾತಲ್ಲಿ ಡೌಲು ಇರಲಿಲ್ಲ. "ಎಂಟು ವಾರ ನಾವಿಲ್ಲಿ ನೆಲದ ವಿಷಯಾನೇ ಮಾತಾಡೋದು. ಬೆನ್ನಹುರಿಯ ಬುಡದಲ್ಲಿ, ಕೂತಾಗ ನೆಲಕ್ಕೆ ತಾಗುತ್ತಲ್ಲ, ಅಲ್ಲಿ ಮೂಲಾಧಾರ ಚಕ್ರ ಅಂತಾರೆ. ಕೆಂಪು ಬಣ್ಣ, ನಾಲ್ಕು ದಳ, ಭೂಮಿ ತತ್ವ, ಲಂ ಅನ್ನೋ ಅಕ್ಷರ. ಅದು ಸಮವಾಗಿದ್ರೆ ನನ್ನ ಕಾಲ ಕೆಳಗೆ ನೆಲ ಇದೆ ಅನ್ನೋ ಧೈರ್ಯ ಇರುತ್ತೆ. ಇಲ್ಲಾಂದ್ರೆ ಕೂತಲ್ಲಿ ಕೂರಕ್ಕಾಗಲ್ಲ, ನಿಂತಲ್ಲಿ ನಿಲ್ಲಕ್ಕಾಗಲ್ಲ."

ಮೇಸ್ತ್ರಿ ತಲೆದೂಗಿದ. "ರಸಮಟ್ಟ ಇಟ್ಟ ಹಾಗೆ. ಗಾಜಿನೊಳಗಿನ ಗುಳ್ಳೆ ಸರಿಯಾಗಿ ನಡುವೆ ನಿಲ್ಲಬೇಕು, ಅಷ್ಟೇ ತಾನೆ?"

ಎಲ್ಲರೂ ನಕ್ಕರು. ಮೇಡಂ ಮಾತ್ರ ನಗದೆ, ಅಷ್ಟೇ ಅಂದರು. ಅಲ್ಲಿಗೆ ಮೇಸ್ತ್ರಿ ಅವರಿಗೆ ಮನಸೋತ.

ಅಭ್ಯಾಸ ಬಲು ಸರಳ. ಚಾಪೆ ಮಡಚಿಟ್ಟು ಬರಿಗಾಲಲ್ಲಿ ನಿಲ್ಲಬೇಕು, ಹಿಮ್ಮಡಿ ಎತ್ತಬೇಕು, ಲಂ ಅನ್ನುತ್ತಾ ಧೊಪ್ಪನೆ ಕೆಳಗೆ ಬಿಡಬೇಕು. ಆ ಕಂಪನ ಕಾಲಿನಿಂದ ಹತ್ತಿ ಬೆನ್ನಿನ ಬುಡಕ್ಕೆ ಮುಟ್ಟಬೇಕು. ಮನೆಯಲ್ಲೂ ದಿನಾ ಬೆಳಿಗ್ಗೆ ಹೀಗೆ ಇಪ್ಪತ್ತೊಂದು ಸಲ. ಮರುದಿನವೇ ಹೆಂಡತಿ ದಪ್ಪನೆಯ ಕೆಂಪು ಜಮಖಾನೆ ತಂದು ಮಲಗುವ ಕೋಣೆಯ ತುಂಬ ಹಾಸಿದಳು. "ಬರೀ ನೆಲದ ಮೇಲೆ ಕುಣಿದರೆ ನಿಮ್ಮ ಬೆನ್ನು ಏನಾಗಬೇಕು? ಕೆಂಪು ಒಳ್ಳೇದು ಅಂತ ಮೇಡಂ ಅಂದ್ರಲ್ಲ," ಅಂದಳು. ಮೇಸ್ತ್ರಿ ಕರಗಿ ನೀರಾದ. ಇಂಥ ಹೆಂಡತಿ ಯಾರಿಗುಂಟು ಅಂತ ಬೀದಿಯಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದ, ಪಾಪ.

ಎರಡನೇ ವಾರ ಮೇಡಂ ಒಂದು ಪ್ರಶ್ನೆ ಕೇಳಿದರು. "ಕಣ್ಣು ಮುಚ್ಚಿ. ನನ್ನ ನೆಲ ಅಂದ ತಕ್ಷಣ ಯಾರು ಕಾಣ್ತಾರೆ, ಹೇಳಿ."

ಒಬ್ಬರು ಅಮ್ಮ ಅಂದರು, ಒಬ್ಬರು ತಮ್ಮ ನಾಯಿ ಅಂದರು. ಮೇಸ್ತ್ರಿ, "ನನ್ನ ಬಾಮೈದ," ಅಂದ.

ಬಾಮೈದ ಅಂದರೆ ಹೆಂಡತಿಯ ತಮ್ಮ. ಓದು ತಲೆಗೆ ಹತ್ತದೆ ಮನೆಯಲ್ಲಿ ಬೈಸಿಕೊಳ್ಳುತ್ತಿದ್ದವನನ್ನು ಮೇಸ್ತ್ರಿಯೇ ಕರೆತಂದು, ಕೈಯಲ್ಲಿ ಕರಣೆ ಹಿಡಿಸಿ, ಸಿಮೆಂಟ್ ಮಾಲು ಕಲಸುವುದರಿಂದ ಹಿಡಿದು ದಾರ ಕಟ್ಟಿ ಸಾಲು ಹಿಡಿಯುವವರೆಗೆ ಕಲಿಸಿದ್ದ. ಮೊದಲ ದಿನ ಕಲಿಸಿದ್ದು ಒಂದೇ ಮಾತು: ಟೈಲ್ಸ್ ಕೆಳಗೆ ಮಾಲು ಪೂರ್ತಿ ತುಂಬಿರಬೇಕು, ಬೆರಳು ತೂರುವಷ್ಟೂ ಜಾಗ ಇರಬಾರದು. ಈಗ ಅವನಿಗೂ ತಲೆ ನರೆಯುತ್ತಿದೆ. ಎರಡು ವರ್ಷದ ಹಿಂದೆ ಮೇಸ್ತ್ರಿಯ ಬೆನ್ನು ಆಪರೇಷನ್ ಆದಾಗ, "ನೀವು ಆರಾಮಾಗಿರಿ ಭಾವ, ನಾನಿದ್ದೀನಲ್ಲ," ಅಂದಿದ್ದ. ಬರೀ ಬಾಯಿಮಾತಲ್ಲ. ಊರಿಗೆಲ್ಲ ನೆಲ ಹಾಕಿದವನ ಮನೆಯಲ್ಲಿ ಅಲ್ಲಿಯವರೆಗೆ ಒರಟು ಸಿಮೆಂಟ್ ನೆಲವೇ ಇತ್ತು. ಮೇಸ್ತ್ರಿ ಆಸ್ಪತ್ರೆಯಲ್ಲಿದ್ದ ಹನ್ನೆರಡು ದಿನದಲ್ಲಿ ಬಾಮೈದ ಇಡೀ ಮನೆಗೆ ಟೈಲ್ಸ್ ಹಾಕಿ ಮುಗಿಸಿದ. ಕೋಲೂರಿಕೊಂಡು ಹೊಸಿಲು ದಾಟಿದ ಮೇಸ್ತ್ರಿ ಆ ನೆಲ ನೋಡಿ ಹೋ ಎಂದು ಅತ್ತುಬಿಟ್ಟಿದ್ದ.

"ಅವತ್ತಿಂದ ನಾನು ಮೊದಲ ಸಾಲು ಮಾತ್ರ ಹಿಡಿದು ಕೊಡೋದು ಮೇಡಂ. ಮಿಕ್ಕಿದ್ದೆಲ್ಲ ಅವನೇ. ಒಂದು ದಿನ ತಿರುಗಿ ನೋಡಿಲ್ಲ. ಮುಂದಿನ ತಿಂಗಳು ಕೆಲಸ ಪೂರ್ತಿ ಅವನಿಗೇ ಬಿಟ್ಟುಕೊಡ್ತೀನಿ, ಬೋರ್ಡಲ್ಲೂ ಅವನ ಹೆಸರು."

ಹೆಂಡತಿ ಪಕ್ಕದಲ್ಲೇ ಕೂತಿದ್ದಳು. ತಲೆ ತಗ್ಗಿಸಿಕೊಂಡು ಚಾಪೆಯ ದಾರ ಕೀಳುತ್ತಿದ್ದಳು. ನಾಚಿಕೆ ಇರಬೇಕು ಅಂದುಕೊಂಡ.

ಮುಂದಿನ ವಾರ ಒಬ್ಬೊಬ್ಬರಾಗಿ ಹಿಮ್ಮಡಿ ಬಿಡೋಣ, ಉಳಿದವರು ಸುಮ್ಮನೆ ಕೇಳೋಣ ಅಂದಿದ್ದರು ಮೇಡಂ. ಆ ದಿನ ಹೆಂಡತಿಗೆ ತಲೆನೋವು ಬಂತು. ಮೇಸ್ತ್ರಿ ಒಬ್ಬನೇ ಹೋಗಿ ಎಂದಿನಂತೆ ಬಾಗಿಲ ಪಕ್ಕ, ತಾನೇ ಹಿಡಿದ ಮೊದಲ ಸಾಲಿನ ಮೇಲೆ ಕಣ್ಣು ಮುಚ್ಚಿ ನಿಂತ. ಅವನ ಸರದಿ ಬಂತು. ಲಂ, ಟಕ್. ಗಟ್ಟಿ ಸದ್ದು. ಪಕ್ಕದವಳದು ಟಕ್. ಆಮೇಲೆ ಕಿಟಕಿ ಹತ್ತಿರ ನಿಂತಿದ್ದ ಬಸ್ ಡ್ರೈವರ್ ಹಿಮ್ಮಡಿ ಬಿಟ್ಟ.

ಡಬ್.

ಮೇಸ್ತ್ರಿ ಕಣ್ಣು ಬಿಟ್ಟ. ಡ್ರೈವರ್ ಮತ್ತೆ ಎತ್ತಿ ಬಿಟ್ಟ, ಮತ್ತೆ ಡಬ್. ಅವನ ಹಿಂದಿನವಳು ಕಡ್ಡಿಯಂಥ ಹುಡುಗಿ, ಅವಳ ಕಾಲ ಕೆಳಗೂ ಡಬ್. ಬೇರೆಯವರಿಗೆ ಅದೊಂದು ಸದ್ದು, ಅಷ್ಟೇ. ಟೈಲ್ಸ್ ಹಾಕುವವನಿಗೆ ಅದರ ಅರ್ಥ ಒಂದೇ: ಕೆಳಗೆ ಟೊಳ್ಳು.

"ಮೇಸ್ತ್ರಿ, ಕಣ್ಣು ಮುಚ್ಚಿ," ಅಂದರು ಮೇಡಂ. ಅವನು ಮುಚ್ಚಲಿಲ್ಲ. ಎಲ್ಲರೂ ನೋಡುತ್ತಿದ್ದಂತೆ ಮಂಡಿಯೂರಿ, ಬೆರಳ ಗೆಣ್ಣಿನಿಂದ ಒಂದೊಂದೇ ಟೈಲ್ಸ್ ತಟ್ಟುತ್ತಾ ಕಿಟಕಿಯವರೆಗೆ ಅಂಬೆಗಾಲಲ್ಲಿ ಹೋದ. ಬಾಗಿಲ ಕಡೆಯ ಮೊದಲ ಸಾಲು ಗಟ್ಟಿ. ಎರಡನೇ ಸಾಲಿನಿಂದ ಆಚೆಗೆ ಎಲ್ಲಾ ಟೊಳ್ಳು.

ಬೆನ್ನುನೋವು ಎಲ್ಲಿ ಹೋಯಿತೋ, ನೆಟ್ಟಗೆ ಎದ್ದು ಹೊರಟುಬಿಟ್ಟ. ಎರಡು ಬೀದಿ ಆಚೆ ಹಲ್ಲಿನ ಡಾಕ್ಟರೊಬ್ಬರ ಹೊಸ ಕ್ಲಿನಿಕ್‌ನಲ್ಲಿ ಬಾಮೈದ ಕೆಲಸ ಮಾಡುತ್ತಿದ್ದ. ಮೇಸ್ತ್ರಿ ಬಾಗಿಲಲ್ಲಿ ಸದ್ದು ಮಾಡದೆ ನಿಂತ. ಬಾಮೈದ ಟೈಲ್ಸ್ ಬೋರಲು ಹಾಕಿ, ಕರಣೆಯಿಂದ ಮೂಲೆಗೊಂದು ಮಾಲಿನ ಉಂಡೆ ಇಟ್ಟ. ಚಪ್, ಚಪ್, ಚಪ್, ಚಪ್. ನಾಲ್ಕು ಮೂಲೆಗೆ ನಾಲ್ಕು ಉಂಡೆ, ನಡುವೆ ಬರೀ ಗಾಳಿ. ತಿರುಗಿಸಿ ಕೂರಿಸಿದ, ರಸಮಟ್ಟ ಇಟ್ಟ. ಗುಳ್ಳೆ ಸರಿಯಾಗಿ ನಡುವೆ ನಿಂತಿತು. ಮೇಲಿಂದ ನೋಡಿದರೆ ಯಾವ ಮಗನೂ ಬೆರಳು ತೋರಿಸುವ ಹಾಗಿಲ್ಲ.

"ನನಗೆ ಗೊತ್ತಾಯ್ತು ಕಣೋ," ಅಂದ ಮೇಸ್ತ್ರಿ.

ಅವನು ಹೇಳಿದ್ದು ಯೋಗದ ಹಾಲ್ ವಿಷಯ. ಬಾಮೈದ ಬೆಚ್ಚಿ ತಿರುಗಿದ. ಮುಖ ಸುಣ್ಣದ ಹಾಗಾಯಿತು. "ಅಕ್ಕ ಹೇಳಿಬಿಟ್ಳಾ ಭಾವ?"

ಮೇಸ್ತ್ರಿಗೆ ಒಂದು ಗಳಿಗೆ ಏನೂ ತಿಳಿಯಲಿಲ್ಲ. ಅಕ್ಕ ಹೇಳುವಂಥದ್ದು ಏನಿದೆ ಇದರಲ್ಲಿ?

ತಿಳಿದ ಮೇಲೆ ಅವನು ಬೈಯಲಿಲ್ಲ, ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು ಅಂತ ನನಗನ್ನಿಸುತ್ತೆ. "ಈಗ ಎಲ್ಲರೂ ಹೀಗೇ ಹಾಕೋದು ಭಾವ, ಬೇಗ ಆಗುತ್ತೆ, ಯಾರು ತಟ್ಟಿ ನೋಡ್ತಾರೆ," ಅಂತ ಬಾಮೈದ ಬೆನ್ನ ಹಿಂದೆ ತೊದಲುತ್ತಿದ್ದ. ಮೇಸ್ತ್ರಿ ಆಗಲೇ ಬೀದಿಗಿಳಿದಾಗಿತ್ತು.

ಮನೆಯಲ್ಲಿ ಹೆಂಡತಿ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಮೇಸ್ತ್ರಿ ಚಪ್ಪಲಿ ಬಿಟ್ಟ. ಆಪರೇಷನ್ ಆದಮೇಲೆ ಮನೆಯೊಳಗೆ ಹಾಕಿಕೊಳ್ಳಲೆಂದು ಅವಳು ತಂದುಕೊಟ್ಟ ಮೆತ್ತನೆಯ ರಬ್ಬರ್ ಚಪ್ಪಲಿ ಬಾಗಿಲಲ್ಲೇ ಕಾದಿತ್ತು. ಅದನ್ನು ಮುಟ್ಟಲಿಲ್ಲ. ಬರಿಗಾಲಲ್ಲಿ ಮಲಗುವ ಕೋಣೆಗೆ ಹೋಗಿ ಕೆಂಪು ಜಮಖಾನೆ ಸುತ್ತಿ ಗೋಡೆಗೆ ಒರಗಿಸಿದ. ಹಿಮ್ಮಡಿ ಎತ್ತಿದ. ಒಂದು ಕ್ಷಣ ಹಾಗೇ ತುದಿಗಾಲಲ್ಲಿ ನಿಂತ, ಕೆಳಗೆ ಬಿಡಲು ಧೈರ್ಯ ಸಾಲಲಿಲ್ಲ. ಆಮೇಲೆ ಬಿಟ್ಟ.

ಡಬ್.

ಸದ್ದು ಕೇಳಿ ಹೆಂಡತಿ ಬಂದಳು. ಸುತ್ತಿಟ್ಟ ಜಮಖಾನೆ ನೋಡಿದಳು. ಕೈಯಲ್ಲಿದ್ದ ಒದ್ದೆ ಟವೆಲ್ ಕೈಯಲ್ಲೇ ಉಳಿಯಿತು.

"ಯಾವಾಗಿಂದ ಗೊತ್ತು?"

"ನೀವು ಕೋಲಿಟ್ಟುಕೊಂಡು ಓಡಾಡ್ತಿದ್ದಾಗ. ಅಡುಗೆಮನೇಲಿ ಕುಕ್ಕರ್ ಬಿದ್ದು ಒಂದು ಟೈಲ್ಸ್ ಒಡೀತು. ಕೆಳಗೆ ಖಾಲಿ ಇತ್ತು. ಅವನು ಓಡಿಬಂದು ಬೇರೆ ಹಾಕಿದ, ಭಾವಂಗೆ ಹೇಳಬೇಡ ಅಂತ ಕಾಲು ಹಿಡ್ಕೊಂಡ. ಆ ಸ್ಥಿತೀಲಿ ನಿಮಗೆ ಹೇಗೆ ಹೇಳೋದು?"

"ಆಗ ಬೇಡ, ಸರಿ. ಆಮೇಲೆ?"

"ಆಮೇಲೆ ಬಾಯಿ ಬರಲಿಲ್ಲ ರೀ. ಅವನು ನನ್ನ ತಮ್ಮ."

"ನನ್ನ ನೆಲ ಅವನು ಅಂತ ಅಷ್ಟು ಜನರ ಮುಂದೆ ಹೇಳಿದೆ. ನೀನು ಪಕ್ಕದಲ್ಲೇ ಇದ್ದೆ."

ಅವಳು ಅಳಲು ಶುರುಮಾಡಿದಳು. ಅವನಿಗೂ ಅಳು ಬಂತು, ಆದರೆ ಅವಳ ಮುಂದೆ ಅಳಲು ಮನಸ್ಸು ಬರಲಿಲ್ಲ. ಮದುವೆಯಾದ ಮೇಲೆ ಹಾಗನ್ನಿಸಿದ್ದು ಅದೇ ಮೊದಲು. ಮಾಲು ಕದ್ದವನ ಮೇಲೆ ಸಿಟ್ಟಿತ್ತು, ಸಿಟ್ಟು ಇವತ್ತಲ್ಲ ನಾಳೆ ಇಳಿದೀತು. ಜಮಖಾನೆ ತಂದು ಹಾಸಿದ ಕೈಯನ್ನು ಏನು ಮಾಡುವುದು? ಬೆನ್ನಿಗೆ ಒಳ್ಳೆಯದು ಅಂತ ಅವಳು ಮಾಡಿದ್ದರಲ್ಲಿ ಯಾವುದು ಬೆನ್ನಿಗೆ, ಯಾವುದು ಸದ್ದಿಗೆ ಅಂತ ಇನ್ನು ಮೇಲೆ ಲೆಕ್ಕ ಹಾಕುತ್ತಾ ಬದುಕಬೇಕು.

ಹಳೇ ಸಾಮಾನಿನ ಚೀಲದಿಂದ ಉಳಿ, ಸುತ್ತಿಗೆ, ತನ್ನ ಕರಣೆ ತಂದ. ಕೋಣೆಯ ನಡುವಿನ ಒಂದು ಟೈಲ್ಸ್ ಸುತ್ತ ಸಂದಿ ಬಿಡಿಸಿ ಎತ್ತಿದ. ಹೆಚ್ಚೇನೂ ಕಷ್ಟಪಡಬೇಕಾಗಲಿಲ್ಲ, ಒಣಗಿದ ನಾಲ್ಕು ಉಂಡೆಯಿಂದ ಹಪ್ಪಳದ ಹಾಗೆ ಬಿಟ್ಟುಕೊಂಡಿತು. ಆ ಉಂಡೆಗಳನ್ನೂ ಕೆತ್ತಿ ತೆಗೆದ. ಹಿತ್ತಲಲ್ಲಿ ಉಳಿದಿದ್ದ ಅರ್ಧ ಮೂಟೆ ಸಿಮೆಂಟಿನಲ್ಲಿ ಒಂದಿಷ್ಟು ತೆಗೆದು ಮರಳು ಬೆರೆಸಿ ತಾನೇ ಮಾಲು ಕಲಸಿದ. ಬೆನ್ನು ಬಾಯಿಬಿಟ್ಟು ಬೈಯಿತು, ಕೇಳಲಿಲ್ಲ.

ಅಷ್ಟರಲ್ಲಿ ಬಾಮೈದ ಬಂದು ಬಾಗಿಲಲ್ಲಿ ನಿಂತ. "ಭಾವ, ಬಿಡಿ. ನಾನು ಮಾಡ್ತೀನಿ. ನಾನಿದ್ದೀನಲ್ಲ."

ಕೋಣೆಯಲ್ಲಿ ಮೂವರಿಗೂ ಆ ಮಾತು ಕೇಳಿಸಿತು. ಹೇಳಿದವನೇ ತುಟಿ ಕಚ್ಚಿಕೊಂಡ.

ಮೇಸ್ತ್ರಿ ಮಾಲು ಅಂಚಿನಿಂದ ಅಂಚಿಗೆ ಹರಡಿದ, ಟೈಲ್ಸ್ ಕೂರಿಸಿದ, ಸುತ್ತಿಗೆಯ ಹಿಡಿಯಿಂದ ಮೆಲ್ಲಗೆ ತಟ್ಟಿದ. ಮಾಲು ನಾಲ್ಕೂ ಕಡೆಯಿಂದ ಉಕ್ಕಿ ಬಂತು. ಗೆಣ್ಣಿನಿಂದ ತಟ್ಟಿ ನೋಡಿದ. ಟಕ್.

ಇಷ್ಟು ವರ್ಷದಲ್ಲಿ ಹಸಿ ಮಾಲಿನ ಮೇಲೆ ಕಾಲಿಟ್ಟವರನ್ನು ಅಟ್ಟಿಸಿಕೊಂಡು ಹೋಗಿ ಬೈದವನು, ಆ ಎರಡಡಿ ಟೈಲ್ಸ್ ಪಕ್ಕ ಕೂತು ಅದು ಒಣಗುವುದನ್ನೇ ಕಾಯತೊಡಗಿದ. ಮನೆಯಲ್ಲಿ ನಂಬಿ ಕೂರಲು ಇರುವುದು ಅದೊಂದೇ ಜಾಗ.

ಕತ್ತಲಾಗುವ ಮುಂಚೆ ಹೆಂಡತಿ ಒಂದು ಲೋಟ ನೀರು ಹಿಡಿದು ಬಂದಳು, ಬರಿಗಾಲಲ್ಲಿ, ಆದಷ್ಟು ಮೆತ್ತಗೆ ಹೆಜ್ಜೆಯಿಟ್ಟು. ಡಬ್. ಡಬ್. ಅವಳು ಅಲ್ಲೇ ನಿಂತಳು. ಇನ್ನೊಂದು ಹೆಜ್ಜೆ ಎತ್ತಿಡಲು ಅವಳಿಗೆ ಧೈರ್ಯ ಬರಲಿಲ್ಲ, ಬಾ ಅನ್ನಲು ಅವನಿಗೆ ಬಾಯಿ ಬರಲಿಲ್ಲ.