ಶೇಕಡಾ ಎಂಬತ್ತೊಂಬತ್ತರ ಬಿಯರು

ಅಮೆರಿಕದ ಶೆಬಾಯ್ಗನ್ ಊರಿನ ನಾರ್ಬರ್ಟ್ ಕ್ಯೂಲ್ ಮನೆಯಲ್ಲೇ ಬಿಯರು ಮಾಡುವವನು. ಅವನ ಕಾರು ಹಿಮದಲ್ಲಿ ನಡುಗುತ್ತ ಹೊರಗೆ ನಿಂತಿರುತ್ತಿತ್ತು. ಗ್ಯಾರೇಜಿನ ಬೆಚ್ಚನೆಯ ಜಾಗವೆಲ್ಲ ಹಂಡೆ, ಕೊಳವೆ, ಮಾಲ್ಟಿನ ಚೀಲಗಳದ್ದು. ಬಿಯರು ಚೆನ್ನಾಗಿಯೇ ಇರುತ್ತಿತ್ತು. ನೆರೆಯವರು ಒಂದು ಲೋಟ ಮುಗಿಸಿ ಇನ್ನೊಂದಕ್ಕೆ ಕೈ ಚಾಚುತ್ತಿದ್ದರು. ಅಷ್ಟಕ್ಕೇ ತೃಪ್ತಿಪಡುವ ಮನುಷ್ಯನಾಗಿದ್ದರೆ ಅವನು ಬಿಯರು ಮಾಡುವವರ ಸಂಘಕ್ಕೆ ಸೇರುತ್ತಿರಲಿಲ್ಲ.

ಸಂಘದಲ್ಲಿ ರುಚಿಯ ಮಾತು ಕಡಿಮೆ. ಮಾತೆಲ್ಲ ಶೇಕಡಾವಾರಿನದು: ಮಾಲ್ಟನ್ನು, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು, ಪುಡಿಮಾಡಿ ಬಿಸಿನೀರಿನಲ್ಲಿ ನೆನೆಸಿದಾಗ, ಅದರಿಂದ ಸಿಗಬಹುದಾದ ಸಕ್ಕರೆಯಲ್ಲಿ ಎಷ್ಟು ಪಾಲು ರಸಕ್ಕೆ ಇಳಿಯಿತು ಎಂಬ ಲೆಕ್ಕ. ನಾರ್ಬರ್ಟನದು ಅರವತ್ತೆರಡು. ಡ್ವೇನ್ ಹಾಲ್ವರ್ಸನ್‌ನದು ಎಂಬತ್ತನಾಲ್ಕು. ಅದನ್ನು ಡ್ವೇನ್ ಕೇಳದವರಿಗೂ ಹೇಳುತ್ತಿದ್ದ.

"ಅರವತ್ತೆರಡಾ?" ಎಂದಿದ್ದ ಒಮ್ಮೆ, ಕಾಯಿಲೆಯವರನ್ನು ವಿಚಾರಿಸುವ ದನಿಯಲ್ಲಿ. "ಬೇಜಾರು ಮಾಡ್ಕೋಬೇಡ ನಾರ್ಬ್. ಸಕ್ಕರೆ ಉಳಿದಿರೋ ನಿನ್ನ ಚರಟ ತಿಂದು ಯಾರದೋ ಹಸುವಾದ್ರೂ ದಪ್ಪ ಆಗುತ್ತೆ."

ಎಲ್ಲರೂ ನಕ್ಕರು. ನಾರ್ಬರ್ಟನೂ ನಕ್ಕ. ಮನೆಗೆ ಬಂದವನು ಊಟಕ್ಕೆ ಮೊದಲು ಗ್ಯಾರೇಜಿಗೆ ಹೋಗಿ ಚರಟವನ್ನು ನೆಕ್ಕಿ ನೋಡಿದ.

ಅದೇ ವಸಂತದಲ್ಲಿ ಮಗಳು ಕೆಲ್ಸಿಯ ಮದುವೆ ನಿಶ್ಚಯವಾಯಿತು. ಬಿಯರು ತನ್ನದೇ ಎಂದು ನಾರ್ಬರ್ಟ್ ಹಟ ಹಿಡಿದ.

"ಆ ಕೆಂಪು ಬಿಯರೇ ಮಾಡಪ್ಪ," ಎಂದಳು ಕೆಲ್ಸಿ. "ಯಾವಾಗ್ಲೂ ಹೇಗೆ ಮಾಡ್ತೀಯೋ ಹಾಗೇ."

'ಹಾಗೇ' ಎಂಬುದೊಂದು ಬಿಟ್ಟು ಉಳಿದದ್ದೆಲ್ಲ ಅವನಿಗೆ ಕೇಳಿಸಿತು.

ಮೊದಲು ಹೊಸ ಗಿರಣಿ ಬಂತು. ಅದರ ಉರುಳೆಗಳನ್ನು ಎಷ್ಟು ಹತ್ತಿರ ತಂದನೆಂದರೆ ಮಾಲ್ಟು ಹಿಟ್ಟಾಗಿ ಇಳಿಯಿತು. ಹಿಟ್ಟು ನೀರಿಗೆ ಬಿದ್ದು ಗಂಜಿಯಾಯಿತು, ಗಂಜಿ ನಲ್ಲಿಯಲ್ಲಿ ಕಚ್ಚಿಕೊಂಡಿತು, ಒಂದು ತೊಟ್ಟೂ ಹೊರಗೆ ಬರಲಿಲ್ಲ. ನಾರ್ಬರ್ಟ್ ಕೊಳವೆಗೆ ಬಾಯಿಟ್ಟು ಬಲವಾಗಿ ಊದಿದ. ಬಿಸಿ ಗಂಜಿ ಛಾವಣಿಗೆ ಹಾರಿ, ಅಲ್ಲಿಂದ ಅವನ ಬೋಳು ತಲೆಯ ಮೇಲೆ ಇಳಿಯಿತು.

ಹೆಂಡತಿ ಡೋರೀನ್ ಸುಟ್ಟ ಜಾಗಕ್ಕೆ ತಣ್ಣನೆಯ ಬಟ್ಟೆ ಒತ್ತುತ್ತ ಕೇಳಿದಳು: "ಇಷ್ಟೆಲ್ಲ ಸರ್ಕಸ್ ಮಾಡಿದ್ರೆ ಎಷ್ಟು ಮಾಲ್ಟ್ ಉಳಿಯುತ್ತೆ?"

"ಒಂದು ಸಲಕ್ಕೆ ಏಳೆಂಟು ಬೊಗಸೆ."

"ಗಿರಣಿ ಬೆಲೆಗೆ ಎಷ್ಟು ಬೊಗಸೆ ಬರ್ತಿತ್ತು?"

"ನಿಂಗೆ ಅರ್ಥ ಆಗಲ್ಲ ಬಿಡು."

"ಅರ್ಥ ಆಗಿದ್ದಕ್ಕೇ ಕೇಳಿದ್ದು."

ಗಂಜಿ ಮತ್ತೆ ನಲ್ಲಿಯಲ್ಲಿ ಸಿಕ್ಕಿಕೊಳ್ಳದಿರಲಿ ಎಂದು ನಾರ್ಬರ್ಟ್ ಭತ್ತದ ಹೊಟ್ಟು ಬೆರೆಸಿದ. ಸಕ್ಕರೆ ಹೆಚ್ಚು ಇಳಿಯಲೆಂದು ನೀರಿಗೆ ಆಮ್ಲದ ಹನಿ ಹಾಕಿದ. ಕೈ ಸೋಲುವವರೆಗೆ ಕಲಕಿದ. ಅಂಕಿ ಏರಿತು, ಆದರೆ ಡ್ವೇನ್‌ನ ಅಂಕಿಗೆ ಒಂದು ಕಡಿಮೆ. ಆಗ ಅವನು ಉಳಿದ ಚರಟದ ಮೇಲೆ ಕುದಿಯುವ ನೀರನ್ನೇ ಸುರಿದು ತೊಳೆದ, ಮತ್ತೆ ತೊಳೆದ. ಕೊನೆಗೆ ಇಳಿಯುತ್ತಿದ್ದದ್ದು ಸಿಹಿ ರಸವಲ್ಲ, ಸಿಪ್ಪೆಯ ಕಷಾಯ. ಅದನ್ನೂ ಹಂಡೆಗೆ ಸೇರಿಸಿ, ಮಧ್ಯಾಹ್ನವಿಡೀ ಕುದಿಸಿ ಬತ್ತಿಸಿದ.

ಎಂಬತ್ತೊಂಬತ್ತು.

ಅವನ ಕಣ್ಣು ಒದ್ದೆಯಾಯಿತು. ಅದೇ ವಿಧಾನದಲ್ಲಿ ಇನ್ನೂ ಮೂರು ಹಂಡೆ ಮಾಡಿದ. ವಾರಗಳ ನಂತರ ರುಚಿ ನೋಡಿದಾಗ ಎಳೆ ಬಾಳೆಕಾಯಿ ಕಚ್ಚಿದಂತೆ ಬಾಯೆಲ್ಲ ಒಗರಾಯಿತು. ಮಾಗಿದರೆ ಸರಿಹೋಗುತ್ತದೆ ಎಂದುಕೊಂಡು ಪೀಪಾಯಿಗೆ ತುಂಬಿದ.

ಮದುವೆಯ ದಿನ ಸಭಾಂಗಣದಲ್ಲಿ ಸುಟ್ಟ ಸಾಸೇಜಿನ ಘಮ ತುಂಬಿತ್ತು. ಜನ ಕೆಂಪು ಬಿಯರನ್ನು ಒಂದು ಗುಟುಕು ಕುಡಿದು, "ಬೇರೆ ಥರಾ ಇದೆ" ಎಂದರು. ಆ ಊರಿನಲ್ಲಿ ಇದಕ್ಕಿಂತ ಕಟುವಾದ ಬೈಗುಳವಿಲ್ಲ. ಪಾದ್ರಿಗಳೂ ಅದನ್ನೇ ಹೇಳಿ, ಲೋಟವನ್ನು ಹೂಕುಂಡದ ಹಿಂದೆ ಇಟ್ಟು ಬಂದರು. ನಾರ್ಬರ್ಟ್ ಹುಟ್ಟಿ ಬೆಳೆದದ್ದೇ ಅಲ್ಲಿ. ಆದರೂ ಆ ದಿನ ಅದನ್ನು ಹೊಗಳಿಕೆಯೆಂದೇ ಎಣಿಸಿದ.

ಅಷ್ಟರಲ್ಲಿ ಡ್ವೇನ್ ಬಂದ. ಕುಡಿದು, ಮುಖ ಹಿಂಡಿಕೊಂಡು ಕೇಳಿದ: "ಎಷ್ಟು ಬಂತು?"

"ಎಂಬತ್ತೊಂಬತ್ತು."

ಡ್ವೇನ್‌ನ ಮುಖ ಬಾಡಿತು. "ಸುಳ್ಳು."

"ಬಾ, ಕೂತ್ಕೋ, ಹೇಳ್ತೀನಿ."

ಇಬ್ಬರೂ ಪಾತ್ರೆ ತೊಳೆಯುವ ಕೋಣೆಯಲ್ಲಿ ಕುಳಿತರು. ನಾರ್ಬರ್ಟ್ ಉರುಳೆಗಳ ಅಂತರದಿಂದ ಶುರುಮಾಡಿದ. ಇಷ್ಟು ಸುಖವಾಗಿ ಅವನು ಎಂದೂ ಮಾತಾಡಿರಲಿಲ್ಲ. ಹೊರಗೆ ಯಾರೋ ತನ್ನ ಹೆಸರು ಕೂಗಿದಂತಾಯಿತು. "ಒಂದ್ನಿಮಿಷ" ಎಂದು ಗೋಡೆಗೆ ಹೇಳಿ, ಭತ್ತದ ಹೊಟ್ಟಿನ ವಿಷಯಕ್ಕೆ ಬಂದ.

ಈಚೆ ಬಂದಾಗ ವಾದ್ಯದವರು ವೇಗದ ಪೋಲ್ಕಾ ಕುಣಿತದ ಹಾಡು ನುಡಿಸುತ್ತಿದ್ದರು. ಡೋರೀನ್ ಬಾಗಿಲಲ್ಲೇ ನಿಂತಿದ್ದಳು.

"ಅಪ್ಪ-ಮಗಳ ಡ್ಯಾನ್ಸ್ ಮುಗೀತು," ಎಂದಳು. ಮದುವೆಯಲ್ಲಿ ಮದುಮಗಳು ಅಪ್ಪನೊಡನೆ ಕುಣಿಯುವುದು ಅಲ್ಲಿನ ರೂಢಿ.

"ನಾನಿಲ್ಲದೆ ಹೇಗೆ ಮುಗಿಯುತ್ತೆ?"

"ಮೂರು ಸಲ ಕರೆದ್ರು. ಅವಳು ನಡುವೆ ಒಬ್ಬಳೇ ನಿಂತಿದ್ಳು. ಕೊನೆಗೆ ಅವಳ ಮಾವ ಎದ್ದು ಹೋಗಿ ಕೈ ಹಿಡಿದ."

ನಾರ್ಬರ್ಟನಿಗೆ ಬಾಯಿ ಒಣಗಿತು. ಈ ಸಲ ಬಿಯರಿನಿಂದಲ್ಲ. ಸಭಾಂಗಣದ ಆಚೆ ಬದಿಯಲ್ಲಿ ಕೆಲ್ಸಿ ಬೀಗರ ಜತೆ ನಗುತ್ತಿದ್ದಳು. ಅವನ ಕಡೆ ತಿರುಗಲೇ ಇಲ್ಲ.

ಸಂಘ ಮುಂದಿನ ತಿಂಗಳೇ ಅವನನ್ನು ಅಧ್ಯಕ್ಷನನ್ನಾಗಿ ಮಾಡಿತು. ಡ್ವೇನ್ ಅದೇ ಗಿರಣಿ ಕೊಂಡ. ಉಳಿದ ಬಿಯರನ್ನು ಡೋರೀನ್ ಮೋರಿಗೆ ಚೆಲ್ಲಿದಳು.

ಶರತ್ಕಾಲದ ಒಂದು ಭಾನುವಾರ ಕೆಲ್ಸಿ ಬಂದಾಗ ಅವನು ಗ್ಯಾರೇಜಿನಲ್ಲಿ ಮಾಲ್ಟು ನೆನೆಹಾಕಿದ್ದ. ಅವಳನ್ನು ಕಂಡು ಕೈಯೊರೆಸಿಕೊಂಡು, ಹಳೆಯ ರೇಡಿಯೋ ಹಚ್ಚಿ, ಕೈ ಚಾಚಿದ. ಅವಳು ಕೊಂಚ ಹೊತ್ತು ನೋಡಿ ಹಿಡಿದುಕೊಂಡಳು. ಚೀಲಗಳ ನಡುವೆ ಇಬ್ಬರೂ ನಿಧಾನವಾಗಿ ಹೆಜ್ಜೆ ಹಾಕಿದರು. ಹಾಡಿನ ಮಧ್ಯದಲ್ಲಿ ಅವನ ಕಣ್ಣು ಅವಳ ಭುಜದ ಮೇಲಿಂದ ಹಂಡೆಯ ಉಷ್ಣಮಾಪಕದತ್ತ ಜಾರಿತು.

"ಅಪ್ಪ," ಎಂದು ಕೆಲ್ಸಿ ಅವನನ್ನು ಹಿಡಿದು, ಅವನ ಬೆನ್ನು ಹಂಡೆಯ ಕಡೆಗೆ ಬರುವಂತೆ ತಿರುಗಿಸಿದಳು.